ಹುರುಳಿನ ಜಗಳ, ಮಾತಿನ ಜಗಳ

ದೊಮ್ಮಲೂರಿನ ಚೊಕ್ಕನಾಥಸ್ವಾಮಿ ಗುಡಿಯ ತಮಿಳು ಶಾಸನಗಳು 1809ರಲ್ಲಿ ಇಲ್ಲಿಗೆ ಬಂದಿಳಿದ ಬ್ರಿಟಿಷ್ ದಂಡಿಗಿಂತ ಶತಮಾನಗಳಷ್ಟು ಹಳೆಯವು. ಆದರೆ ಈ ಊರಿನ ಸುತ್ತ, ಹತ್ತು ಕಿಲೋಮೀಟರಿನೊಳಗೆ, ದಂಡಿನ ಜೊತೆಗೂ ಆಮೇಲೆಯೂ ಬಂದು ನೆಲೆಸಿದ ಚರ್ಚುಗಳು ಹೊತ್ತು ತಂದ ನೆನಪು ಆ ಶಾಸನಗಳಿಗಿಂತಲೂ ಹಿಂದಿನದು. ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಲ್ಯಾಟಿನ್ ವಿಧಿಯ ಕಥೋಲಿಕರದು. ಎಂ.ಜಿ. ರಸ್ತೆಯ ತುದಿಯ ಟ್ರಿನಿಟಿ ಚರ್ಚು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಗೆ ಸೇರಿದ್ದು. ಪ್ರಿಮ್‌ರೋಸ್ ರಸ್ತೆಯಲ್ಲಿ ಮಾರ್ಥೋಮಾ ಸಭೆಯವರ ಚರ್ಚಿದೆ. ಕೇರಳದಿಂದ ಕೆಲಸ ಹುಡುಕಿಕೊಂಡು ಬಂದವರ ಜೊತೆ ಮಲಂಕರ ಆರ್ಥೊಡಾಕ್ಸ್, ಜಾಕೊಬೈಟ್, ಸಿರೊ-ಮಲಬಾರ್ ಸಭೆಗಳೂ ಬೆಂಗಳೂರಿಗೆ ಬಂದು ಬೇರು ಬಿಟ್ಟಿವೆ. ಕ್ರೈಸ್ತ ಧರ್ಮದ ಮೊದಲ ಐದು ಶತಮಾನಗಳ ವಾದಗಳಿಂದ ಕವಲೊಡೆದ ಪರಂಪರೆಗಳಲ್ಲಿ ಬಹುಪಾಲು ಹೀಗೆ ಒಂದೇ ನಗರದ ಒಂದೇ ದಿಕ್ಕಿನಲ್ಲಿ ನೆರೆಹೊರೆಯಾಗಿವೆ. ಚರ್ಚಿನಿಂದ ವೃತ್ತಕ್ಕೆ, ವೃತ್ತದಿಂದ ಮೆಟ್ರೊ ನಿಲ್ದಾಣಕ್ಕೆ ದಾಟಿದ ಟ್ರಿನಿಟಿ ಎಂಬ ಹೆಸರು ಕೂಡ ನಾಲ್ಕನೆಯ ಶತಮಾನವನ್ನು ಕಲಕಿದ ಒಂದು ವಾದದ ತೀರ್ಪಿನ ಹೆಸರೇ. ಹಾಗಾಗಿ ನೈಸೀಯ, ಎಫೆಸ, ಕಾಲ್ಸಿಡನ್ ಎಂಬ ಊರುಗಳಲ್ಲಿ ನಡೆದ ಮಹಾಸಭೆಗಳ ಪ್ರಶ್ನೆ ಇಲ್ಲಿಯವರಿಗೆ ದೂರದ ಇತಿಹಾಸವಲ್ಲ. ಅದು ನೆರೆಮನೆಯವರು ಭಾನುವಾರ ಬೇರೆ ಚರ್ಚಿಗೆ ಯಾಕೆ ಹೋಗುತ್ತಾರೆ ಎಂಬ ಪ್ರಶ್ನೆಯೂ ಹೌದು.

ಈ ವಾದಗಳ ಬಗ್ಗೆ ಓದುವವರಲ್ಲಿ ಎರಡು ಸಿದ್ಧ ಅಭಿಪ್ರಾಯಗಳಿವೆ. ಇವೆಲ್ಲ ಬರಿಯ ಶಬ್ದಗಳ ಮೇಲಿನ ಹೊಡೆದಾಟ ಎನ್ನುವುದು ಒಂದು. ಇಂಗ್ಲೆಂಡಿನ ಇತಿಹಾಸಕಾರ ಎಡ್ವರ್ಡ್ ಗಿಬ್ಬನ್ ಹದಿನೆಂಟನೆಯ ಶತಮಾನದಲ್ಲಿ ಇದನ್ನು ಒಂದೇ ಒಂದು ಅಕ್ಷರದ ಸಲುವಾಗಿ ನಡೆದ ಕಾದಾಟವೆಂದು ಹೀಗಳೆದ. ಅಂದಿನಿಂದ ಆ ಮಾತು ಪಠ್ಯಪುಸ್ತಕಗಳಲ್ಲಿ ಉಳಿದುಬಿಟ್ಟಿದೆ. ಇವೆಲ್ಲ ರೋಮನ್ ಚಕ್ರವರ್ತಿಗಳ ರಾಜಕಾರಣ, ದೈವಶಾಸ್ತ್ರ ಅದರ ಹೊದಿಕೆ ಮಾತ್ರ ಎನ್ನುವುದು ಇನ್ನೊಂದು. ಎರಡರಲ್ಲೂ ಸತ್ಯದ ಅಂಶವಿದೆ, ಎರಡೂ ಒಂದೇ ತಪ್ಪನ್ನೂ ಮಾಡುತ್ತವೆ. ಬೇರೆ ಬೇರೆ ಜಾತಿಯ ಜಗಳಗಳನ್ನು ಒಂದೇ ರಾಶಿಯಲ್ಲಿ ಸುರಿದು ಒಟ್ಟಿಗೆ ತೂಗುತ್ತವೆ. ಆದಿ ಕ್ರೈಸ್ತ ವಾದಗಳಲ್ಲಿ ಕೆಲವು ನಿಜವಾಗಿ ಹುರುಳಿನ ಜಗಳಗಳು: ಅಲ್ಲಿ ಗೆದ್ದವರ ಜಾಗದಲ್ಲಿ ಸೋತವರಿದ್ದಿದ್ದರೆ ಕ್ರೈಸ್ತ ಧರ್ಮ ಬೇರೆಯೇ ಧರ್ಮವಾಗುತ್ತಿತ್ತು. ಇನ್ನು ಕೆಲವು, ಒಂದೇ ನಂಬಿಕೆಯನ್ನು ಬೇರೆ ಬೇರೆ ಪರಿಭಾಷೆಯಲ್ಲಿ ಕಾಪಾಡಲು ಹೊರಟವರು ಪರಸ್ಪರ ಭಯದಿಂದ ದೂರಾದ ಕಥೆಗಳು. ಇವೆರಡನ್ನು ಬಿಡಿಸಿ ನೋಡಲು ಒಂದು ಪರೀಕ್ಷೆ ಸಾಕು. ಸೋತ ಪಕ್ಷದ ಮಾತನ್ನು ಒಪ್ಪಿದರೆ ಭಕ್ತನ ಪ್ರಾರ್ಥನೆಯಲ್ಲಿ, ಅವನು ನಿರೀಕ್ಷಿಸುವ ರಕ್ಷಣೆಯಲ್ಲಿ ಏನು ಬದಲಾಗುತ್ತದೆ ಎಂದು ಕೇಳಬೇಕು. ಏನೂ ಬದಲಾಗದಿದ್ದರೆ ಅದು ಮಾತಿನ ಜಗಳ; ಎಲ್ಲವೂ ಬದಲಾದರೆ ಹುರುಳಿನದು.

ಎರಡನೆಯ ಶತಮಾನದ ವಾದಗಳ ಮೇಲೆ ಈ ಪರೀಕ್ಷೆಯನ್ನು ಇಟ್ಟರೆ ಉತ್ತರ ಬೇಗ ಸಿಗುತ್ತದೆ. ಕ್ರಿಸ್ತನ ದೇಹ ತೋರಿಕೆಯದು, ಅವನು ನಿಜವಾಗಿ ನೊಂದವನಲ್ಲ, ಸತ್ತವನಲ್ಲ ಎಂದವರಿದ್ದರು. ಅಂತಿಯೋಕ್ಯದ ಇಗ್ನೇಷಿಯಸ್ ತನ್ನ ಪತ್ರಗಳಲ್ಲಿ ಅವರನ್ನು ಕಟುವಾಗಿ ಎದುರಿಸಿದ. ಸುಮಾರು 144ರಲ್ಲಿ ರೋಮಿನ ಸಭೆಯಿಂದ ಹೊರಬಿದ್ದ ಮಾರ್ಸಿಯನ್, ಯೆಹೂದ್ಯರ ಗ್ರಂಥಗಳ ಸೃಷ್ಟಿಕರ್ತ ದೇವರೇ ಬೇರೆ, ಯೇಸುವಿನ ತಂದೆಯಾದ ಕರುಣಾಮಯ ದೇವರೇ ಬೇರೆ ಎಂದು ಬೋಧಿಸಿದ. ಜ್ಞಾನವಾದಿ ಪಂಥಗಳು ಈ ಜಡಜಗತ್ತು ಒಂದು ಕೆಳದರ್ಜೆಯ ಶಕ್ತಿಯ ಪ್ರಮಾದದಿಂದ ಹುಟ್ಟಿದ್ದೆಂದು ಹೇಳಿದವು. ಅವುಗಳ ಬರಹಗಳು 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿಯಲ್ಲಿ ಗಡಿಗೆಯೊಂದರೊಳಗೆ ಸಿಕ್ಕಮೇಲೆ, ವಿರೋಧಿಗಳ ಬಾಯಲ್ಲಷ್ಟೇ ಕೇಳುತ್ತಿದ್ದ ಈ ಮಾತುಗಳನ್ನು ಅವರ ಸ್ವಂತ ದನಿಯಲ್ಲಿ ಕೇಳುವಂತಾಯಿತು. ಆ ಗ್ರಂಥಗಳಲ್ಲಿ ಆಳವೂ ಇದೆ, ಸೌಂದರ್ಯವೂ ಇದೆ. ಆದರೂ ಸುಮಾರು 180ರಲ್ಲಿ ಅವರನ್ನು ಖಂಡಿಸಿ ಬರೆದ ಲಿಯಾನಿನ ಐರೇನಿಯಸ್ ಯಾಕೆ ಹಟ ಹಿಡಿದ ಎಂಬುದು ಅರ್ಥವಾಗುತ್ತದೆ. ಮಣ್ಣು, ಮೈ, ಅನ್ನ, ಮದುವೆ, ಮಕ್ಕಳು ಇವೆಲ್ಲ ದೇವರ ಕೈಕೆಲಸವೇ ಅಥವಾ ಪಾರಾಗಬೇಕಾದ ಸೆರೆಮನೆಯೇ ಎಂಬುದು ಅಲ್ಲಿನ ಪ್ರಶ್ನೆ. ಒಬ್ಬ ಮನುಷ್ಯ ತನ್ನ ದೇಹವನ್ನು ಹೇಗೆ ಕಾಣುತ್ತಾನೆ, ಬಡವನ ಹಸಿವನ್ನು ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾನೆ ಎಂಬುದರವರೆಗೂ ಅದರ ಪರಿಣಾಮ ಹರಿಯುತ್ತದೆ.

ಏರಿಯಸನ ವಾದ ಇದಕ್ಕಿಂತ ಸೂಕ್ಷ್ಮ. ಗಿಬ್ಬನ್ನನ ಟೀಕೆ ಮುಖ್ಯವಾಗಿ ತಗಲುವುದೂ ಇಲ್ಲಿಗೇ. ಸುಮಾರು 318ರಲ್ಲಿ ಅಲೆಕ್ಸಾಂಡ್ರಿಯದ ಪಾದ್ರಿ ಏರಿಯಸ್ ತನ್ನ ಬಿಷಪ್ ಅಲೆಕ್ಸಾಂಡರನಿಗೆ ಎದುರಾಗಿ ಒಂದು ತರ್ಕ ಹೂಡಿದ. ದೇವರು ಒಬ್ಬನೇ, ಅವನು ಹುಟ್ಟಿದವನಲ್ಲ, ಭಾಗವಾಗುವವನಲ್ಲ, ಬದಲಾಗುವವನಲ್ಲ. ಮಗನಾದರೋ ತಂದೆಯಿಂದ ಬಂದವನು. ಆದ್ದರಿಂದ ಮಗ, ಎಷ್ಟೇ ಉನ್ನತನಾದರೂ, ಸೃಷ್ಟಿಯಾದವನು; ಅವನಿಲ್ಲದ ಒಂದು ಸ್ಥಿತಿ ಇತ್ತು. ತರ್ಕ ಸ್ವಚ್ಛವಾಗಿತ್ತು, ಬೈಬಲಿನ ವಚನಗಳ ಬೆಂಬಲವೂ ಇತ್ತು, ಹಾಡುಗಳ ಮೂಲಕ ಅದು ಜನರ ನಡುವೆಯೂ ಹರಡಿತು. 325ರಲ್ಲಿ ಚಕ್ರವರ್ತಿ ಕಾನ್‌ಸ್ಟಂಟೈನ್ ನೈಸೀಯದಲ್ಲಿ ಮಹಾಸಭೆ ಕರೆದ. ಸಂಪ್ರದಾಯ ಅಲ್ಲಿ 318 ಬಿಷಪರಿದ್ದರೆಂದು ಹೇಳುತ್ತದೆ. ಇತಿಹಾಸಕಾರರ ಅಂದಾಜು ಅದಕ್ಕಿಂತ ಕಡಿಮೆ. ಮಗನು ತಂದೆಯೊಂದಿಗೆ ಒಂದೇ ಸತ್ವದವನು ಎಂಬ ಅರ್ಥದ ‘ಹೋಮೋಊಸಿಯೋಸ್’ ಎಂಬ ಪದವನ್ನು ಆ ಸಭೆ ತನ್ನ ವಿಶ್ವಾಸಪ್ರಮಾಣಕ್ಕೆ ಸೇರಿಸಿತು. ಮುಂದೆ ನಡುದಾರಿ ಹಿಡಿದವರು ‘ಒಂದೇ ಸತ್ವ’ದ ಬದಲು ‘ಹೋಲುವ ಸತ್ವ’ ಎಂದರು. ಗ್ರೀಕಿನಲ್ಲಿ ಎರಡಕ್ಕೂ ಇರುವ ವ್ಯತ್ಯಾಸ ಒಂದಕ್ಷರದ್ದು. ಗಿಬ್ಬನ್ ಕೈ ತೋರಿಸಿದ್ದು ಇದಕ್ಕೇ.

ಆ ಒಂದಕ್ಷರದ ಹಿಂದೆ ಏನಿತ್ತೆಂದು ಕನ್ನಡದ ಓದುಗರಿಗೆ ವಿವರಿಸಲು ನಮ್ಮದೇ ದಾರ್ಶನಿಕ ಪರಂಪರೆ ನೆರವಾಗುತ್ತದೆ. ಮಧ್ವಾಚಾರ್ಯರು ಇರುವುದನ್ನೆಲ್ಲ ಸ್ವತಂತ್ರ, ಅಸ್ವತಂತ್ರ ಎಂದು ಎರಡೇ ಭಾಗ ಮಾಡಿದರು. ಸ್ವತಂತ್ರನು ವಿಷ್ಣು ಒಬ್ಬನೇ. ಉಳಿದದ್ದೆಲ್ಲ, ದೇವತೆಗಳೂ ಸೇರಿ, ಅವನ ಅಧೀನ. ನಡುವೆ ಅರೆ ಸ್ವತಂತ್ರ ಎಂಬ ಮೂರನೆಯ ಜಾಗವಿಲ್ಲ. ಅಲೆಕ್ಸಾಂಡರನ ನಂತರ ಅಲೆಕ್ಸಾಂಡ್ರಿಯದ ಬಿಷಪನಾಗಿ ಏರಿಯಸನ ವಾದವನ್ನು ಜೀವಮಾನವಿಡೀ ಎದುರಿಸಿದ ಅಥನಾಸಿಯಸ್ ಮಾಡಿದ್ದೂ ಇಂಥದೇ ಒಂದು ಗೆರೆ ಎಳೆಯುವ ಕೆಲಸ: ಸೃಷ್ಟಿಕರ್ತ ಈ ಕಡೆ, ಸೃಷ್ಟಿ ಆ ಕಡೆ. ಆ ಕಾಲದ ಪ್ಲೇಟೋವಾದದಲ್ಲಿ ಪರಮತತ್ತ್ವಕ್ಕೂ ಜಡಕ್ಕೂ ನಡುವೆ ಮೆಟ್ಟಿಲುಗಳಿದ್ದವು. ಮುಟ್ಟಲಾಗದ ದೇವರು, ಅವನ ಬದಲು ಲೋಕವನ್ನು ಮುಟ್ಟುವ ಮಧ್ಯವರ್ತಿ, ಆಮೇಲೆ ನಾವು. ಏರಿಯಸನ ಮಗ ಆ ನಡುಮೆಟ್ಟಿಲ ಮೇಲೆ ನಿಂತಿದ್ದ. ಅಥನಾಸಿಯಸನ ಆಕ್ಷೇಪ ಸರಳವಾಗಿತ್ತು. ಮಗ ಸೃಷ್ಟಿಯ ಕಡೆಯವನಾದರೆ ಸಭೆ ಇಷ್ಟು ಕಾಲ ಅವನಿಗೆ ಮಾಡಿದ ಆರಾಧನೆ ವಿಗ್ರಹಾರಾಧನೆಯಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸ್ವತಃ ಆಸರೆ ಬೇಕಾದವನು ಬೇರೆಯವರನ್ನು ದೇವರೊಂದಿಗೆ ಸೇರಿಸಲಾರ. ಶಿಲುಬೆಯ ಮೇಲೆ ನಮ್ಮ ಬಳಿಗೆ ಬಂದದ್ದು ದೇವರೋ, ದೇವರು ಕಳಿಸಿದ ಪ್ರತಿನಿಧಿಯೋ? ಇದು ಅಕ್ಷರದ ಪ್ರಶ್ನೆಯಲ್ಲ. ಕ್ರೈಸ್ತ ಸಿದ್ಧಾಂತವೆಂದರೆ ಯೇಸುವಿನ ಸರಳ ಬೋಧನೆಗೆ ಬಳಿದ ಗ್ರೀಕ್ ತತ್ತ್ವಶಾಸ್ತ್ರ ಎಂದು ಜರ್ಮನಿಯ ಅಡೋಲ್ಫ್ ಹಾರ್ನಾಕ್ ವಾದಿಸಿದ್ದನಲ್ಲ, ಅದಕ್ಕೂ ಇಲ್ಲಿ ಒಂದು ಉತ್ತರವಿದೆ. ಪದ ಗ್ರೀಕರದೇ, ಸಂದೇಹವಿಲ್ಲ. ಆದರೆ ಗ್ರೀಕ್ ತತ್ತ್ವಶಾಸ್ತ್ರಕ್ಕೆ ಹಿತವಾಗಿ ಹೊಂದುವಂತಿದ್ದದ್ದು ಏರಿಯಸನ ದೇವರು. ನೈಸೀಯ ಗ್ರೀಕರ ಪದವನ್ನು ಎರವಲು ಪಡೆದು ಗ್ರೀಕರ ಮೆಟ್ಟಿಲುಗಳನ್ನು ಕಿತ್ತುಹಾಕಿತು.

ಹೋಲಿಕೆ ಇಲ್ಲಿಗೆ ನಿಲ್ಲುತ್ತದೆ. ಅದು ನಿಲ್ಲುವ ಜಾಗವೂ ಮುಖ್ಯವಾದದ್ದು. ಮಧ್ವಮತದಲ್ಲಿ ವಿಷ್ಣುವಿನ ಅವತಾರಕ್ಕೂ ಮೂಲರೂಪಕ್ಕೂ ಭೇದವಿಲ್ಲ, ಅವತಾರದ ದೇಹ ಪ್ರಾಕೃತವೂ ಅಲ್ಲ. ರಾಮನ ಶೋಕ ಲೋಕಕ್ಕೆ ತೋರಿಸಿದ್ದು. ಕ್ರೈಸ್ತ ಸಭೆ ಇದಕ್ಕೆ ತದ್ವಿರುದ್ಧವಾಗಿ, ಯೇಸುವಿನ ಹಸಿವು, ಆಯಾಸ, ಕಣ್ಣೀರು, ಸಾವಿನ ಮುಂದಿನ ಅಂಜಿಕೆ ಇವೆಲ್ಲ ನಿಜವೆಂದು ಪಟ್ಟು ಹಿಡಿಯಿತು. ದೇವರೇ ಎನ್ನುವುದನ್ನೂ ಬಿಡುವಂತಿಲ್ಲ, ನಿಜವಾದ ಮನುಷ್ಯ ಎನ್ನುವುದನ್ನೂ ಬಿಡುವಂತಿಲ್ಲ. ಮುಂದಿನ ಶತಮಾನದ ಇಡೀ ಬಿಕ್ಕಟ್ಟು ಹುಟ್ಟಿದ್ದು ಈ ಎರಡು ಪಟ್ಟುಗಳ ನಡುವೆ.

ಅದಕ್ಕೆ ಮೊದಲು ರಾಜಕಾರಣದ ಆಕ್ಷೇಪವನ್ನು ತೆಗೆದುಕೊಳ್ಳಬೇಕು. ಮಹಾಸಭೆಗಳನ್ನು ಕರೆದವರು ಚಕ್ರವರ್ತಿಗಳು, ಗಡಿಪಾರು ಮಾಡಿದವರೂ ಅವರೇ. ಇದರಲ್ಲಿ ಎರಡು ಮಾತಿಲ್ಲ. ಆದರೆ ಚಕ್ರವರ್ತಿಗಳ ಇಚ್ಛೆಯೇ ಸಿದ್ಧಾಂತವನ್ನು ನಿರ್ಧರಿಸಿದ್ದರೆ ಗೆಲ್ಲಬೇಕಾದವನು ಏರಿಯಸ್. ಕಾನ್‌ಸ್ಟಂಟೈನ್ 337ರಲ್ಲಿ ತೀರಿಕೊಂಡಮೇಲೆ 378ರವರೆಗೆ ಪೂರ್ವದಲ್ಲಿ ದೀರ್ಘಕಾಲ ಆಳಿದ ಕಾನ್‌ಸ್ಟಾಂಟಿಯಸ್, ವಾಲೆನ್ಸ್ ಇಬ್ಬರೂ ನೈಸೀಯದ ಪಕ್ಷಕ್ಕೆ ವಿರುದ್ಧವಾಗಿದ್ದರು. ಅಥನಾಸಿಯಸ್ ಐದು ಸಲ ಗಡಿಪಾರಾಗಿ ಒಟ್ಟು ಹದಿನೇಳು ವರ್ಷಗಳಷ್ಟು ಕಾಲ ತನ್ನ ಊರಿನಿಂದ ಹೊರಗಿದ್ದ. ಆದರೂ ಆ ನಂಬಿಕೆ ಸಾಯಲಿಲ್ಲ. 380ರಲ್ಲಿ ಥಿಯೊಡೋಸಿಯಸ್ ಅದಕ್ಕೆ ರಾಜಶಾಸನದ ಬಲ ಕೊಟ್ಟ, ಮರುವರ್ಷ ಕಾನ್‌ಸ್ಟಾಂಟಿನೋಪಲಿನ ಮಹಾಸಭೆ ಅದನ್ನು ದೃಢಪಡಿಸಿತು ಎಂಬುದು ನಿಜ. ಅಷ್ಟು ಹೊತ್ತಿಗೆ ಅರಮನೆಯ ವಿರೋಧವನ್ನು ತಡೆದುಕೊಂಡು ಅದು ನಿಂತಾಗಿತ್ತು. ರಾಜದಂಡಕ್ಕೆ ಸಿದ್ಧಾಂತವನ್ನು ಬಗ್ಗಿಸುವ ಶಕ್ತಿ ಎಷ್ಟು ಕಡಿಮೆ ಎಂಬುದಕ್ಕೆ ಮುಂದೆಯೂ ಉದಾಹರಣೆ ಸಿಗುತ್ತದೆ. ಕಾಲ್ಸಿಡನ್ ಮಹಾಸಭೆಯನ್ನು ಒಪ್ಪಿದ, ಒಪ್ಪದ ಎರಡೂ ಪಕ್ಷಗಳನ್ನು ಕೂಡಿಸಲು 482ರಲ್ಲಿ ಚಕ್ರವರ್ತಿ ಝೀನೊ ಹೊರಡಿಸಿದ ಒಪ್ಪಂದಪತ್ರ ಯಾರನ್ನೂ ಕೂಡಿಸಲಿಲ್ಲ. ಅರಮನೆ ವಾದದ ವೇಗವನ್ನು ಬದಲಿಸಿತು, ಅದಕ್ಕೆ ಕ್ರೌರ್ಯವನ್ನು ಕೂಡಿಸಿತು. ವಾದವನ್ನು ಹುಟ್ಟಿಸಿದ್ದು ಮಾತ್ರ ಅರಮನೆಯಲ್ಲ.

ನಾಲ್ಕನೆಯ ಶತಮಾನದೊಳಗೇ ನನ್ನ ವಾದಕ್ಕೆ ಆಧಾರವಾಗುವ ಇನ್ನೊಂದು ಘಟನೆ ಇದೆ. ಮಹಾಸಭೆಗಳಷ್ಟು ಪ್ರಸಿದ್ಧವಲ್ಲದಿದ್ದರೂ ನನ್ನ ಮಟ್ಟಿಗೆ ಅದು ಅವುಗಳಷ್ಟೇ ದೊಡ್ಡದು. ನೈಸೀಯವನ್ನು ಒಪ್ಪಿದವರಲ್ಲೇ ಎರಡು ಗುಂಪುಗಳಿದ್ದವು. ದೇವರಲ್ಲಿ ಒಂದೇ ‘ಹೈಪೊಸ್ಟಾಸಿಸ್’ ಎಂದು ಕೆಲವರು, ಮೂರು ‘ಹೈಪೊಸ್ಟಾಸಿಸ್’ಗಳು ಎಂದು ಕೆಲವರು. ಮೊದಲಿನವರಿಗೆ ಎರಡನೆಯವರು ಮೂರು ದೇವರುಗಳನ್ನು ಹೇಳುತ್ತಿದ್ದಂತೆ ಕೇಳಿಸಿತು. ಎರಡನೆಯವರಿಗೆ ಮೊದಲಿನವರು ತಂದೆ, ಮಗ, ಪವಿತ್ರಾತ್ಮ ಎಂಬುವು ಒಬ್ಬನೇ ಹಾಕುವ ಮೂರು ವೇಷಗಳೆನ್ನುತ್ತಿದ್ದಂತೆ ಕೇಳಿಸಿತು. 362ರಲ್ಲಿ ಅಲೆಕ್ಸಾಂಡ್ರಿಯದಲ್ಲಿ ಕೂಡಿದ ಒಂದು ಸಣ್ಣ ಸಭೆಯಲ್ಲಿ ಅಥನಾಸಿಯಸ್ ಎರಡೂ ಕಡೆಯವರನ್ನು ಕೂರಿಸಿ, ಈ ಪದದಿಂದ ನಿಮ್ಮ ಅಭಿಪ್ರಾಯವೇನೆಂದು ವಿಚಾರಿಸಿದ. ಒಂದು ಎಂದವರು ಆ ಪದಕ್ಕೆ ಸತ್ವ ಎಂಬ ಅರ್ಥ ಇಟ್ಟುಕೊಂಡಿದ್ದರು, ಮೂರು ಎಂದವರು ವ್ಯಕ್ತಿ ಎಂಬ ಅರ್ಥ. ಇಬ್ಬರ ನಂಬಿಕೆಯೂ ಒಂದೇ ಎಂದು ಆ ಸಭೆ ಒಪ್ಪಿತು. ಏರಿಯಸನ ವಿಷಯದಲ್ಲಿ ಒಂದಿಂಚೂ ಸರಿಯದ ಅದೇ ಮನುಷ್ಯ ಇಲ್ಲಿ ಪದವನ್ನು ಬಿಟ್ಟುಕೊಡಲು ಸಿದ್ಧನಾದ. ಹುರುಳಿನ ಜಗಳ ಯಾವುದು, ಮಾತಿನದು ಯಾವುದು ಎಂಬ ವಿವೇಕ ಆಗಲೇ ಇತ್ತು. ಅದು ನಮ್ಮ ಕಾಲದ ಉದಾರತೆ ಹಿಂದಕ್ಕೆ ಹೊರಿಸಿದ ಆರೋಪವಲ್ಲ. ಆಮೇಲೆ ಕಪ್ಪದೋಕ್ಯದ ಬಸಿಲ್, ಅವನ ತಮ್ಮ ನಿಸ್ಸದ ಗ್ರೆಗರಿ, ಗೆಳೆಯ ನಾಜಿಯಾನ್ಸದ ಗ್ರೆಗರಿ ಈ ಮೂವರು ಒಂದು ಸತ್ವ, ಮೂರು ವ್ಯಕ್ತಿಗಳು ಎಂಬ ಪರಿಭಾಷೆಯನ್ನು ನೆಲೆಗೊಳಿಸಿದರು. ನೋವಿನ ಸಂಗತಿಯೆಂದರೆ ಐದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಆ ಸಣ್ಣ ಸಭೆಯ ಮಾದರಿ ಮರೆತುಹೋಯಿತು.

ಐದನೆಯ ಶತಮಾನದ ಪ್ರಶ್ನೆಗೆ ಬೀಜ ಬಿತ್ತಿದವನು ಲವೊದಿಕೀಯದ ಅಪೊಲಿನಾರಿಸ್. ಕ್ರಿಸ್ತನಲ್ಲಿ ಮಾನವ ಮನಸ್ಸಿನ ಜಾಗವನ್ನು ದೈವವಾಣಿಯೇ (ಅಂದರೆ ಅನಾದಿಯಾದ ಮಗನೇ) ತುಂಬಿತ್ತು ಎಂದು ಅವನು ಹೇಳಿದ. ನಾಜಿಯಾನ್ಸದ ಗ್ರೆಗರಿ ಇದಕ್ಕೆ ಕೊಟ್ಟ ಉತ್ತರದ ಸಾರ ಇಷ್ಟು: ದೇವರು ನಮ್ಮಿಂದ ಯಾವುದನ್ನು ತನ್ನದಾಗಿ ತೆಗೆದುಕೊಳ್ಳಲಿಲ್ಲವೋ ಅದು ವಾಸಿಯಾಗದೆ ಉಳಿಯುತ್ತದೆ. ಪಾಪ ಹುಟ್ಟುವುದೇ ಮನಸ್ಸಿನಲ್ಲಿ, ಅದನ್ನೇ ಬಿಟ್ಟು ಮೈಯನ್ನಷ್ಟೇ ತೆಗೆದುಕೊಂಡರೆ ಏನು ಬಂತು? ಇದೂ ಹುರುಳಿನ ಜಗಳವೇ. ಆದರೆ 428ರಲ್ಲಿ ಕಾನ್‌ಸ್ಟಾಂಟಿನೋಪಲಿನ ಧರ್ಮಾಧ್ಯಕ್ಷನಾದ ನೆಸ್ಟೋರಿಯಸ್ ಎತ್ತಿದ ಪ್ರಶ್ನೆ ಅಷ್ಟು ಸುಲಭವಾಗಿ ಬಗೆಹರಿಯುವಂಥದಲ್ಲ. ಮರಿಯಳನ್ನು ‘ದೇವಮಾತೆ’ ಎನ್ನುವುದು ಸರಿಯಲ್ಲ, ‘ಕ್ರಿಸ್ತಮಾತೆ’ ಎನ್ನಿರಿ ಎಂದ ಅವನು. ಅನಾದಿಯಾದ ದೇವರಿಗೆ ತಾಯಿ ಎಲ್ಲಿಂದ ಬಂದಳು ಎಂಬುದು ಅವನ ಆತಂಕ. ಅಲೆಕ್ಸಾಂಡ್ರಿಯದ ಸಿರಿಲನ ಆತಂಕ ಬೇರೆ. ಮರಿಯಳ ಮಡಿಲಲ್ಲಿದ್ದ ಕೂಸು ದೇವರಲ್ಲವೆಂದರೆ ಕ್ರಿಸ್ತನಲ್ಲಿ ಇಬ್ಬರಿದ್ದಾರೆ ಎಂದಂತಾಗುತ್ತದೆ. ದೇವರು ಮನುಷ್ಯನಾಗಲಿಲ್ಲ, ಒಬ್ಬ ಮನುಷ್ಯನ ಜೊತೆಗಿದ್ದನಷ್ಟೇ ಎಂದಂತಾಗುತ್ತದೆ. ಪ್ರತಿವರ್ಷ ಸೆಪ್ಟೆಂಬರ್ 8ರಂದು ಶಿವಾಜಿನಗರದ ಮರಿಯಮ್ಮನ ಹಬ್ಬಕ್ಕೆ ಸೇರುವ ಜನಸಾಗರ, ಜಪಸರ ಹಿಡಿದು ಆಕೆಯನ್ನು ದೇವರ ತಾಯಿಯೆಂದು ಕರೆಯುವಾಗ, ತಿಳಿದೋ ತಿಳಿಯದೆಯೋ ಸಿರಿಲನ ಪಕ್ಷದಲ್ಲಿ ನಿಂತಿರುತ್ತದೆ. 431ರ ಜೂನಿನಲ್ಲಿ ಎಫೆಸದಲ್ಲಿ ನೆಸ್ಟೋರಿಯಸನ ಬೆಂಬಲಿಗರಾದ ಅಂತಿಯೋಕ್ಯದವರು ಬಂದು ತಲಪುವ ಮೊದಲೇ ಸಿರಿಲ್ ಸಭೆ ನಡೆಸಿ ನೆಸ್ಟೋರಿಯಸನನ್ನು ಪದಚ್ಯುತಗೊಳಿಸಿದ್ದು ಅನ್ಯಾಯ. ಸಿರಿಲನ ಸಿದ್ಧಾಂತದ ಬೆಲೆಯನ್ನು ಅವನ ನಡವಳಿಕೆಯಿಂದ ಅಳೆಯಬಾರದೆಂದು ಒಪ್ಪುತ್ತಲೇ ಇದನ್ನು ಹೇಳಬೇಕು. ಎರಡೇ ವರ್ಷದಲ್ಲಿ, 433ರಲ್ಲಿ, ಸಿರಿಲನೂ ಅಂತಿಯೋಕ್ಯದ ಜಾನನೂ ಒಂದು ಒಪ್ಪಂದಕ್ಕೆ ಬಂದರು ಎನ್ನುವುದೇ ಎರಡು ಕಡೆಯ ನಡುವಿನ ಅಂತರ ಎಷ್ಟು ಕಿರಿದಾಗಿತ್ತೆಂದು ತೋರಿಸುತ್ತದೆ. ನೆಸ್ಟೋರಿಯಸ್ ಗಡಿಪಾರಿನಲ್ಲಿದ್ದಾಗ ಬರೆದ ಪುಸ್ತಕದ ಸಿರಿಯಾಕ್ ಅನುವಾದ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬೆಳಕಿಗೆ ಬಂತು. ಕ್ರಿಸ್ತ ಇಬ್ಬರೆಂದು ತಾನು ಹೇಳಿದ್ದೇನೆಂಬ ಆರೋಪವನ್ನು ಅವನು ಅದರಲ್ಲಿ ತಿರಸ್ಕರಿಸುತ್ತಾನೆ.

451ರ ಕಾಲ್ಸಿಡನ್ ಮಹಾಸಭೆ, ಕ್ರಿಸ್ತ ಒಬ್ಬನೇ ವ್ಯಕ್ತಿ, ಆದರೆ ಎರಡು ಸ್ವಭಾವಗಳಲ್ಲಿ ಇರುವವನು, ಅವು ಬೆರೆತು ಕಲಸಿಹೋಗುವುದೂ ಇಲ್ಲ, ಬೇರ್ಪಡುವುದೂ ಇಲ್ಲ ಎಂದು ತೀರ್ಮಾನಿಸಿತು. ರೋಮ್, ಕಾನ್‌ಸ್ಟಾಂಟಿನೋಪಲ್ ಒಪ್ಪಿದವು. ಈಜಿಪ್ಟ್, ಸಿರಿಯಾಗಳ ಬಹುಭಾಗ ಒಪ್ಪಲಿಲ್ಲ, ಅರ್ಮೇನಿಯ, ಇಥಿಯೋಪಿಯಗಳೂ ಮುಂದೆ ಆ ಕಡೆಗೇ ನಿಂತವು. ಸಿರಿಲ್ ಬಳಸಿದ್ದ ‘ಮನುಷ್ಯನಾದ ದೈವವಾಣಿಯ ಒಂದೇ ಸ್ವಭಾವ’ ಎಂಬ ಮಾತನ್ನು ಅವರು ಬಿಡಲೊಲ್ಲರು. ಎರಡು ಸ್ವಭಾವ ಎಂದರೆ ನೆಸ್ಟೋರಿಯಸನ ಇಬ್ಬರು ಹಿಂಬಾಗಿಲಿಂದ ಬಂದಂತೆ ಎಂಬುದು ಅವರ ಭಯ; ಒಂದೇ ಸ್ವಭಾವ ಎಂದರೆ ಮಾನವತ್ವ ದೈವತ್ವದಲ್ಲಿ ಕರಗಿಹೋದಂತೆ ಎಂಬುದು ಕಾಲ್ಸಿಡನ್ನಿನವರ ಭಯ. ‘ಫಿಸಿಸ್’ ಎಂಬ ಒಂದೇ ಗ್ರೀಕ್ ಪದವನ್ನು ಒಬ್ಬರು ಲಕ್ಷಣಗಳ ಸಮೂಹ ಎಂಬ ಅರ್ಥದಲ್ಲೂ ಇನ್ನೊಬ್ಬರು ಮೂರ್ತವಾಗಿ ಇರುವ ಒಬ್ಬ ಎಂಬ ಅರ್ಥದಲ್ಲೂ ಹಿಡಿದಿದ್ದರು. ಕಾಲ್ಸಿಡನ್ನನ್ನು ಒಪ್ಪದ ಪಕ್ಷದ ದೊಡ್ಡ ಚಿಂತಕ ಅಂತಿಯೋಕ್ಯದ ಸೆವೆರಸ್, ಕ್ರಿಸ್ತನ ಮಾನವತ್ವ ಪೂರ್ಣವೂ ನಿಜವೂ ಆದದ್ದೆಂದು ಸ್ಪಷ್ಟವಾಗಿ ಬರೆದಿದ್ದಾನೆ. ಈ ಸಂಗತಿಯನ್ನು ಇಪ್ಪತ್ತನೆಯ ಶತಮಾನದಲ್ಲಿ ಕೂಲಂಕಷವಾಗಿ ತೋರಿಸಿಕೊಟ್ಟವರಲ್ಲಿ ಒಬ್ಬರು ಬೆಂಗಳೂರಿಗೆ ಸೇರಿದವರು: ಮಲಂಕರ ಆರ್ಥೊಡಾಕ್ಸ್ ಸಭೆಯ ಪಾದ್ರಿ, ಇಲ್ಲಿಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಪಾಠ ಹೇಳಿದ ವಿ. ಸಿ. ಸ್ಯಾಮ್ಯುಯೆಲ್. ಯೇಲ್ ವಿಶ್ವವಿದ್ಯಾಲಯದಲ್ಲಿ ಸೆವೆರಸನ ಮೇಲೆ ಸಂಶೋಧನೆ ಮಾಡಿದ ಅವರು, 1964ರಲ್ಲಿ ಡೆನ್ಮಾರ್ಕಿನ ಆರ್ಹುಸ್‌ನಲ್ಲಿ ಕಾಲ್ಸಿಡನ್ನನ್ನು ಒಪ್ಪಿದ, ಒಪ್ಪದ ಎರಡೂ ಪೌರ್ವಾತ್ಯ ಕುಟುಂಬಗಳ ದೈವಶಾಸ್ತ್ರಜ್ಞರು ಕೂಡಿದಾಗ ಸಿರಿಲನ ಆ ಸೂತ್ರದ ಮೇಲೆಯೇ ಪ್ರಬಂಧ ಮಂಡಿಸಿದರು. ಬ್ರಿಸ್ಟಲ್, ಜಿನೀವಾ, ಅಡಿಸ್ ಅಬಾಬಗಳಲ್ಲಿ 1971ರವರೆಗೆ ಮುಂದುವರಿದ ಆ ಮಾತುಕತೆ, ಪರಿಭಾಷೆ ಬೇರೆಯಾದರೂ ಎರಡೂ ಕಡೆಯವರಲ್ಲಿ ಇರುವುದು ಒಂದೇ ನಂಬಿಕೆ ಎಂಬ ತಿಳಿವಳಿಕೆಗೆ ಬಂತು. ಕಾಲ್ಸಿಡನ್ನನ್ನು ಮರುಪರಿಶೀಲಿಸಿದ ಸ್ಯಾಮ್ಯುಯೆಲರ ಪುಸ್ತಕ 1977ರಲ್ಲಿ ಹೊರಬಂತು. ಸೋತವರ ಗ್ರಂಥಗಳನ್ನು ಅವರದೇ ಭಾಷೆಯಲ್ಲಿ ಓದಿ, ಗೆದ್ದವರ ಮೇಲೆ ಸೇಡು ತೀರಿಸಿಕೊಳ್ಳದೆ ಬರೆದ ಆ ಕೃತಿಗೆ ನಮ್ಮ ನಗರದಲ್ಲಿ ಸಿಗಬೇಕಾದ ಗೌರವ ಸಿಕ್ಕಿಲ್ಲವೆಂದು ನನಗೆ ಅನಿಸುತ್ತದೆ.

ಪುಸ್ತಕಗಳ ಸಾಕ್ಷ್ಯಕ್ಕಿಂತ ಬಲವಾದದ್ದು ಒಂದು ಸಮುದಾಯದ ಬದುಕಿನ ಸಾಕ್ಷ್ಯ. ಆರನೆಯ ಶತಮಾನದ ವರ್ತಕ-ಯಾತ್ರಿಕ ಕಾಸ್ಮಾಸ್, ಮಲಬಾರಿನಲ್ಲಿ ಕ್ರೈಸ್ತರಿದ್ದಾರೆಂದೂ ಕಲ್ಲಿಯಾನದಲ್ಲಿ ಪರ್ಷಿಯದಿಂದ ನೇಮಕವಾದ ಬಿಷಪನಿದ್ದಾನೆಂದೂ ಬರೆದ. ಆ ಕಲ್ಲಿಯಾನ ಮುಂಬಯಿ ಬಳಿಯ ಕಲ್ಯಾಣವೆಂದು ಹಲವರು, ಉಡುಪಿ ಬಳಿಯ ಕಲ್ಯಾಣಪುರವೆಂದು ಕೆಲವರು ಹೇಳುತ್ತಾರೆ. ಪರ್ಷಿಯದ ಆ ಸಭೆ, ಇತರರು ನೆಸ್ಟೋರಿಯನ್ ಎಂದು ಕರೆದ ಪೂರ್ವ ಸಿರಿಯಾಕ್ ಪರಂಪರೆಯದು. ಕೇರಳದ ಕ್ರೈಸ್ತರು ಶತಮಾನಗಳ ಕಾಲ ಅದರ ಬಿಷಪರ ಕೈಕೆಳಗಿದ್ದರು. 1599ರಲ್ಲಿ ಪೋರ್ಚುಗೀಸ್ ಆರ್ಚ್‌ಬಿಷಪ್ ಮೆನೆಜಸ್ ಉದಯಂಪೇರೂರಿನಲ್ಲಿ ಸಿನೊಡ್ ನಡೆಸಿ, ನೆಸ್ಟೋರಿಯಸನ ಸೋಂಕಿದೆಯೆಂದು ಸಿರಿಯಾಕ್ ಪುಸ್ತಕಗಳನ್ನು ತಿದ್ದಿಸಲು, ಸುಡಿಸಲು ಅಪ್ಪಣೆ ಮಾಡಿದ. 1653ರ ಜನವರಿ 3ರಂದು ಮಟ್ಟಂಚೇರಿಯಲ್ಲಿ ಜನ ಕೂನನ್ ಶಿಲುಬೆಯ ಶಪಥ ಮಾಡಿ ಆ ಅಧಿಕಾರವನ್ನು ಧಿಕ್ಕರಿಸಿದರು. ಆ ಬಳಿಕ ಹೊಸ ಬಿಷಪನಿಗಾಗಿ ಕಾದವರಿಗೆ 1665ರಲ್ಲಿ ಬಂದವನು ಮಾರ್ ಗ್ರೆಗೋರಿಯೊಸ್, ಪಶ್ಚಿಮ ಸಿರಿಯಾಕ್ ಸಭೆಯವನು, ಅಂದರೆ ಸೆವೆರಸನ ಪಕ್ಷದವನು. ಐದನೆಯ ಶತಮಾನದ ನಕ್ಷೆಯಲ್ಲಿ ನೋಡಿದರೆ ಇದು ಒಂದು ತುದಿಯಿಂದ ಇನ್ನೊಂದು ತುದಿಗೆ ಹಾರಿದಂತೆ. ನೆಸ್ಟೋರಿಯಸನ ಹೆಸರಿನವರಿಗೂ ಸೆವೆರಸನವರಿಗೂ ನಡುವೆ ಇದ್ದಷ್ಟು ದೂರ ಬೇರೆ ಯಾರ ನಡುವೆಯೂ ಇರಲಿಲ್ಲ. ಆದರೆ ಹಾಗೆ ದಾಟಿದ ಕುಟುಂಬಗಳು ತಾವು ಧರ್ಮ ಬದಲಿಸಿದೆವೆಂದುಕೊಳ್ಳಲಿಲ್ಲ. ತಮ್ಮ ಹಳೆಯ ನಂಬಿಕೆಯನ್ನು ಉಳಿಸಿಕೊಂಡೆವೆಂದುಕೊಂಡರು. ಇಂದು ಬೆಂಗಳೂರಿನಲ್ಲಿ ಸಿರೊ-ಮಲಬಾರ್, ಆರ್ಥೊಡಾಕ್ಸ್, ಮಾರ್ಥೋಮಾ ಎಂದು ಬೇರೆ ಬೇರೆ ಚರ್ಚುಗಳಿಗೆ ಹೋಗುವವರು ಆ ಒಂದೇ ಸಮುದಾಯದ ಕವಲುಗಳು.

ಇದಕ್ಕೊಂದು ಗಟ್ಟಿಯಾದ ಆಕ್ಷೇಪ ಬರಬಹುದು. ಜನರಿಗೆ ಸಿದ್ಧಾಂತವೇ ಗೊತ್ತಿರಲಿಲ್ಲ, ಹಾಗಾಗಿ ಬದಲಾವಣೆ ಅರಿವಿಗೆ ಬರಲಿಲ್ಲ. ಇದರಿಂದ ಸಿದ್ಧಾಂತಗಳು ಒಂದೇ ಎಂದು ಹೇಗೆ ಹೇಳುತ್ತೀರಿ? ಸಾಮಾನ್ಯರನ್ನು ಅಷ್ಟು ಕಡೆಗಣಿಸುವುದಕ್ಕೆ ಇತಿಹಾಸ ಅವಕಾಶ ಕೊಡು­ವುದಿಲ್ಲ. ನಿಸ್ಸದ ಗ್ರೆಗರಿ ತನ್ನ ಕಾಲದ ಕಾನ್‌ಸ್ಟಾಂಟಿನೋಪಲಿನಲ್ಲಿ ರೊಟ್ಟಿ ಮಾರುವವರೂ ಚಿಲ್ಲರೆ ವಿನಿಮಯ ಮಾಡುವವರೂ ತಂದೆ-ಮಗನ ವಿಷಯ ವಾದಿಸುತ್ತಿದ್ದರೆಂದು ಬೇಸರದಿಂದ ಬರೆದಿದ್ದಾನೆ. ಏರಿಯಸನ ಪ್ರಶ್ನೆ ಬೀದಿಗೆ ಇಳಿದದ್ದು ಅದು ಬೀದಿಯವನ ಪ್ರಾರ್ಥನೆಯನ್ನು ಮುಟ್ಟುತ್ತಿದ್ದುದರಿಂದ. ಕೇರಳದವರಿಗೆ ಮಗ ಸೃಷ್ಟಿಯಾದವನು, ಅವನನ್ನು ಆರಾಧಿಸಬೇಡಿ ಎಂದು ಯಾರಾದರೂ ಹೇಳಿದ್ದರೆ ಅವರ ಅರಿವಿಗೆ ಖಂಡಿತ ಬರುತ್ತಿತ್ತು. ಸ್ವಭಾವ ಒಂದೋ ಎರಡೋ ಎಂಬುದು ಆರಾಧನೆಯನ್ನು ಬದಲಿಸಲಿಲ್ಲ, ಆದ್ದರಿಂದ ಬರಲಿಲ್ಲ. ಇತ್ತೀಚಿನ ಘೋಷಣೆಗಳು ಇದನ್ನೇ ಹೇಳುತ್ತವೆ. 1984ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಪಶ್ಚಿಮ ಸಿರಿಯಾಕ್ ಪರಂಪರೆಯ ಸಿರಿಯನ್ ಆರ್ಥೊಡಾಕ್ಸ್ ಸಭೆಯ ಪೇಟ್ರಿಯಾರ್ಕ್ ಒಂದನೆಯ ಝಕ್ಕಾ ಅವರೊಂದಿಗೆ, 1994ರ ನವೆಂಬರ್ 11ರಂದು ಪೂರ್ವ ಸಿರಿಯಾಕ್ ಪರಂಪರೆಯ ಅಸ್ಸೀರಿಯನ್ ಸಭೆಯ ನಾಲ್ಕನೆಯ ಮಾರ್ ದಿನ್ಖಾ ಅವರೊಂದಿಗೆ ಸಹಿ ಮಾಡಿದ ಜಂಟಿ ಹೇಳಿಕೆಗಳು ಹಳೆಯ ಒಡಕನ್ನು ಬಹುಮಟ್ಟಿಗೆ ಪರಿಭಾಷೆಯ, ತಪ್ಪುಗ್ರಹಿಕೆಯ ಫಲವೆಂದು ಕಂಡವು. ಇವು ಸೌಜನ್ಯದ ಹೇಳಿಕೆಗಳಷ್ಟೇ ಎಂಬ ಶಂಕೆ ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅವು ಕಷ್ಟವಾದದ್ದನ್ನು ಮುಗಿಸಿದೆವೆಂದು ಹೇಳಿಕೊಳ್ಳುವುದಿಲ್ಲ. ಒಂದು ಸಭೆ ಶಪಿಸಿದ ಸೆವೆರಸ್ ಇನ್ನೊಂದಕ್ಕೆ ಸಂತ. 553ರಲ್ಲಿ ಖಂಡಿತನಾದ ಮೊಪ್ಸುಯೆಸ್ತ್ಯದ ಥಿಯೊಡೋರ್ ಪೂರ್ವ ಸಿರಿಯಾಕ್ ಪರಂಪರೆಗೆ ಇಂದಿಗೂ ಮಹಾ ವ್ಯಾಖ್ಯಾನಕಾರ. ಸಿದ್ಧಾಂತದಲ್ಲಿ ಒಪ್ಪಿದಮೇಲೂ ಶಾಪಗಳನ್ನು ಏನು ಮಾಡುವುದು ಎಂಬ ಪ್ರಶ್ನೆ ಉಳಿದಿದೆ. ಮಲಂಕರದ ಆರ್ಥೊಡಾಕ್ಸ್, ಜಾಕೊಬೈಟ್ ಪಕ್ಷಗಳ ನಡುವೆಯಂತೂ ಕ್ರಿಸ್ತನ ಕುರಿತು ಎಳ್ಳಷ್ಟೂ ಭೇದವಿಲ್ಲ, ಆದರೂ ಚರ್ಚುಗಳ ಆಡಳಿತದ ವ್ಯಾಜ್ಯ 2017ರ ಜುಲೈ 3ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರವೂ ತಣ್ಣಗಾಗಲಿಲ್ಲ. ಅಧಿಕಾರಕ್ಕಾಗಿ ಒಡೆಯುವವರಿಗೆ ದೈವಶಾಸ್ತ್ರದ ನೆಪ ಬೇಕಿಲ್ಲ ಎಂಬುದು ಇದರಿಂದ ಸ್ಪಷ್ಟ. ಹಾಗಿರುವಾಗ ದೈವಶಾಸ್ತ್ರದ ವಾದಗಳೆಲ್ಲ ಅಧಿಕಾರದ ನೆಪಗಳೇ ಎನ್ನುವುದು ಇನ್ನಷ್ಟು ಸಡಿಲವಾಗುತ್ತದೆ.

ಹುರುಳಿನ ಜಗಳ ಮಾತ್ರ ಮುಗಿದಿಲ್ಲ, ಅದು ಕರ್ನಾಟಕದವರ ಬರಹದಲ್ಲೇ ಮತ್ತೆ ತೆರೆದುಕೊಂಡಿದೆ. 1920ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಸ್ಟ್ಯಾನ್ಲಿ ಸಮರ್ಥ, ಮಂಗಳೂರಿನಲ್ಲೂ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲೂ ಕಲಿಸಿ, ಜಾಗತಿಕ ಚರ್ಚುಗಳ ಮಂಡಳಿಯ ಅಂತರ್‌ಧರ್ಮೀಯ ಸಂವಾದ ವಿಭಾಗದ ಮೊದಲ ನಿರ್ದೇಶಕರಾದವರು. 1991ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಅವರು ಎರಡು ಬಗೆಯ ಕ್ರಿಸ್ತಶಾಸ್ತ್ರವನ್ನು ಹೇಳುತ್ತಾರೆ. ಒಂದು ಹೆಲಿಕಾಪ್ಟರಿನಂಥದು, ಮೇಲಿಂದ ಇಳಿಯುವಾಗ ಎಬ್ಬಿಸುವ ಧೂಳಿನಲ್ಲಿ ಇಳಿದು ಬಂದವನೇ ಕಾಣುವುದಿಲ್ಲ. ಇನ್ನೊಂದು ಎತ್ತಿನ ಗಾಡಿಯಂಥದು, ಅದರ ಚಕ್ರ ಯಾವಾಗಲೂ ಏಷ್ಯದ ಮಣ್ಣುದಾರಿಯನ್ನು ಮುಟ್ಟಿಕೊಂಡೇ ಇರುತ್ತದೆ. ಐದನೆಯ ಶತಮಾನದಲ್ಲೂ ಇದೇ ಭೇದವಿತ್ತು: ಅಲೆಕ್ಸಾಂಡ್ರಿಯ ಮೇಲಿಂದ ಆರಂಭಿಸಿತು, ಅಂತಿಯೋಕ್ಯ ಕೆಳಗಿನಿಂದ. ಸಮರ್ಥರು ಆ ಹಳೆಯ ಅಂತಿಯೋಕ್ಯದ ಕಾಳಜಿಯನ್ನೇ ಭಾರತದ ನೆಲಕ್ಕೆ ತಂದರು. ಅಷ್ಟಕ್ಕೇ ನಿಂತಿದ್ದರೆ ನನಗೆ ತಕರಾರಿಲ್ಲ. ಆದರೆ ಯೇಸುವಿನಲ್ಲಿ ದೈವತ್ವವನ್ನು ಕಾಣುವುದು ಬೇರೆ, ಯೇಸುವೇ ದೇವರೆಂದು ಸಮೀಕರಿಸುವುದು ಬೇರೆ ಎಂದು ಅವರು ಗೆರೆ ಎಳೆದಾಗ ನಾವು ಕಾಲ್ಸಿಡನ್ನಿನಿಂದ ನೈಸೀಯಕ್ಕೆ ವಾಪಸಾಗಿರುತ್ತೇವೆ. ಬಹುಧರ್ಮಗಳ ದೇಶದಲ್ಲಿ ನೆರೆಯವನ ದೇವರನ್ನು ಗೌರವಿಸುವ ಒತ್ತಾಸೆಯಿಂದ ಅವರು ಆ ಗೆರೆ ಎಳೆದರು, ಆ ಒತ್ತಾಸೆ ನಿಜವಾದದ್ದು. ಆದರೂ ಅಥನಾಸಿಯಸನ ಪ್ರಶ್ನೆಯನ್ನು ಅದು ಉತ್ತರಿಸುವುದಿಲ್ಲ. ಎತ್ತಿನ ಗಾಡಿಯಲ್ಲಿ ಬಂದವನು ದೇವರ ಕಡೆಯ ಒಬ್ಬ ಪ್ರತಿನಿಧಿಯಾದರೆ, ದೇವರು ಮಾತ್ರ ಆ ಮಣ್ಣುದಾರಿಗೆ ಇಳಿಯದೆಯೇ ಉಳಿದ ಹಾಗಾಗುತ್ತದೆ. ದಲಿತನ, ಬಡವನ ನೋವನ್ನು ದೇವರೇ ಉಂಡಿದ್ದಾನೆ ಎಂಬ ಮಾತು, ಸಮರ್ಥರ ನಂತರದ ತಲೆಮಾರಿನ ದೈವಶಾಸ್ತ್ರಕ್ಕೆ ಜೀವಾಳವಾದ ಮಾತು, ಆಧಾರ ಕಳೆದುಕೊಳ್ಳುತ್ತದೆ. ಸಮರ್ಥರ ಕಾಳಜಿಗೆ ಬೇಕಾದ ಪೂರ್ಣ ಮಾನವತ್ವ ಕಾಲ್ಸಿಡನ್ನಿನ ತೀರ್ಮಾನದಲ್ಲೂ ಇದೆ, ಸ್ಯಾಮ್ಯುಯೆಲ್ ತೋರಿಸಿದಂತೆ ಸೆವೆರಸನಲ್ಲೂ ಇದೆ. ಅದನ್ನು ಪಡೆಯಲು ನೈಸೀಯವನ್ನು ಸಡಿಲಿಸುವ ಅಗತ್ಯವಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ಒಂದೇ ಕಾಲೇಜಿನಲ್ಲಿ ಕಲಿಸಿದ ಈ ಇಬ್ಬರ ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟು ಓದಿದವರು ಬೇರೆ ತೀರ್ಮಾನಕ್ಕೂ ಬರಬಹುದು. ಅಂಥವರು ಮೊದಲು ಉತ್ತರಿಸಬೇಕಾದ್ದು ಅಲೆಕ್ಸಾಂಡ್ರಿಯದ ಆ ಹಟಮಾರಿ ಬಿಷಪನಿಗೆ.